ನಮಗೇನೂ ಇಲ್ಲ, ಆದರೆ

ಹಳೇ ಮೈಸೂರು ಸೀಮೆಯಲ್ಲಿ ಒಬ್ಬರ ಜಾತಿ ತಿಳಿಯಬೇಕಾದರೆ ಜಾತಿ ಅನ್ನುವ ಮಾತನ್ನು ಯಾರೂ ಬಾಯಿಗೆ ತರುವುದಿಲ್ಲ. ಅದಕ್ಕೆ ಬೇರೆ ದಾರಿಗಳಿವೆ. ‘ನಿಮ್ಮದು ಯಾವ ಕಡೆ ಆಯ್ತು?’ ಎಂದು ಶುರುವಾಗುತ್ತದೆ. ಊರಿನ ಹೆಸರು ಹೇಳಿದರೆ ‘ಅಲ್ಲಿ ಯಾರ ಪೈಕಿ?’ ಎಂದು ಮುಂದುವರಿಯುತ್ತದೆ. ಅದಕ್ಕೂ ಸರಿಯಾದ ಉತ್ತರ ಸಿಗದಿದ್ದರೆ, ‘ಮನೆದೇವರು ಯಾವುದು?’ ಮದುವೆ ಮನೆಯಲ್ಲಿ, ರೈಲಿನಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ ಈ ಪ್ರಶ್ನೆಗಳು ಹೊತ್ತು ಹೋಗಲಿ ಎಂದು ಕೇಳಿದ ಹಾಗೆ ಬರುತ್ತವೆ, ಹೋಗುತ್ತವೆ. ಬಾಡಿಗೆ ಮನೆಯ ಗೇಟಿನ ಹತ್ತಿರ ಮಾತ್ರ ಅವಕ್ಕೆ ತೂಕ ಬಂದುಬಿಡುತ್ತದೆ. ಅಲ್ಲಿ ಕೊಡುವ ಉತ್ತರದ ಮೇಲೆ ಒಂದು ಸಂಸಾರ ಮುಂದಿನ ತಿಂಗಳು ಪಾತ್ರೆಪಡಗ ಎಲ್ಲಿ ಇಳಿಸಬೇಕು ಅನ್ನುವುದು ತೀರ್ಮಾನವಾಗುತ್ತದೆ.

ಮನೆದೇವರ ಪ್ರಶ್ನೆ ನಮ್ಮ ಸೀಮೆಯಲ್ಲಿ ಎಷ್ಟೋ ಸಲ ಕೈಕೊಡುತ್ತದೆ. ನನಗೆ ಅದು ಬಹಳ ಸಂತೋಷದ ಸಂಗತಿ. ಬಿಳಿಗಿರಿರಂಗ ಎಂದು ಉತ್ತರ ಬಂದರೆ ಕೇಳಿದವರಿಗೆ ಏನೂ ತಿಳಿದ ಹಾಗಾಗುವುದಿಲ್ಲ. ಬೆಟ್ಟದ ಗುಡಿಯಲ್ಲಿ ಪೂಜೆ ಮಾಡುವವರು ಬ್ರಾಹ್ಮಣರು. ಅದೇ ಬೆಟ್ಟದ ಸೋಲಿಗರಿಗೆ ರಂಗ ಭಾವನಾಗಬೇಕು, ಅವರ ಹೆಣ್ಣುಮಗಳು ಕುಸುಮಾಲೆಯನ್ನು ಕೈಹಿಡಿದವನು. ಅವನ ಕಾಲಿಗೆ ದೊಡ್ಡ ಚರ್ಮದ ಚಪ್ಪಲಿ ಹೊಲಿದು ಒಪ್ಪಿಸುವವರು ಮಾದಿಗರು. ಆ ಚಪ್ಪಲಿ ಮೆಟ್ಟಿಕೊಂಡು ರಂಗ ಕಾಡೆಲ್ಲ ತಿರುಗುತ್ತಾನೆ, ಸವೆದ ಮೇಲೆ ಹೊಸ ಜೋಡು ಬರುತ್ತದೆ ಎಂದು ನಂಬಿಕೆ. ಚಾಮರಾಜನಗರ, ಕೊಳ್ಳೇಗಾಲ, ಯಳಂದೂರಿನ ಸುತ್ತ ಯಾವ ಕೇರಿಗೆ ಹೋದರೂ ಒಬ್ಬ ರಂಗಸ್ವಾಮಿ, ಒಬ್ಬಳು ರಂಗಮ್ಮ ಇದ್ದೇ ಇರುತ್ತಾರೆ. ಮಲೆ ಮಾದಪ್ಪನ ಕಥೆಯೂ ಹೀಗೇ, ಅವನ ಒಕ್ಕಲು ಇಂಥದೇ ಜನ ಎಂದು ಹೇಳಲಾಗುವುದಿಲ್ಲ. ದೇವರನ್ನು ಇಷ್ಟು ಧಾರಾಳವಾಗಿ ಹಂಚಿಕೊಂಡ ಜನ ಮಹಡಿ ಮನೆಯ ಎರಡು ಕೋಣೆ ಹಂಚಿಕೊಳ್ಳುವಾಗ ಯಾಕೆ ಕೈ ಹಿಂದೆ ಎಳೆಯುತ್ತಾರೆ ಎನ್ನುವುದು ನನ್ನನ್ನು ಬಹಳ ವರ್ಷಗಳಿಂದ ಕಾಡಿದೆ.

ಕೈ ಹಿಂದೆ ಎಳೆಯುವುದಕ್ಕೂ ಒಂದು ರೀತಿಯಿದೆ. ‘ನಿಮ್ಮ ಜನಕ್ಕೆ ಮನೆ ಕೊಡುವುದಿಲ್ಲ’ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುವವರು ಈಗ ಕಡಿಮೆ. ಹೇಳುವುದು ಹೀಗೆ: ‘ನಮಗೇನೂ ಇಲ್ಲಪ್ಪ, ಆದರೆ ಮನೆಯಲ್ಲಿ ಅಮ್ಮ ಇದ್ದಾರೆ, ಅವರು ಹಳೇ ಕಾಲದವರು.’ ‘ನಮಗೇನೂ ಇಲ್ಲ, ಕೆಳಗಿನ ಮನೆಯವರು ಮಡಿ ಜನ.’ ‘ನಮಗೇನೂ ಇಲ್ಲ, ಓನರ್ ಅಮೆರಿಕದಲ್ಲಿದ್ದಾರೆ, ಅವರು ಹೇಳಿಬಿಟ್ಟಿದ್ದಾರೆ.’ ಬೇಡ ಎನ್ನುವವರು ಯಾವಾಗಲೂ ಅಲ್ಲಿ ಇಲ್ಲದ ಇನ್ನೊಬ್ಬರು. ಎದುರಿಗೆ ನಿಂತವರು ಒಳ್ಳೆಯವರು, ನೀರು ಕೊಡುತ್ತಾರೆ, ಬೇರೆ ಬೀದಿಯಲ್ಲಿ ಒಂದು ಮನೆ ಖಾಲಿ ಇದೆ ನೋಡಿ ಎಂದು ದಾರಿಯನ್ನೂ ತೋರಿಸುತ್ತಾರೆ. ಹೀಗೆ ಬೀದಿಯಿಂದ ಬೀದಿಗೆ ಹೋಗಿ ಬಂದವರು ಸಂಜೆ ಲೆಕ್ಕ ಹಾಕಿದರೆ ಅವರನ್ನು ಬೇಡವೆಂದ ಮನುಷ್ಯ ಒಬ್ಬನೂ ಕಣ್ಣಿಗೆ ಬಿದ್ದಿರುವುದಿಲ್ಲ, ಮನೆ ಮಾತ್ರ ಸಿಕ್ಕಿರುವುದಿಲ್ಲ.

ಇದು ಇವತ್ತಿನ ಮಾತಲ್ಲ. 1917ರಲ್ಲಿ ಅಂಬೇಡ್ಕರ್ ಬರೋಡಾಕ್ಕೆ ಬಂದರು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ, ಲಂಡನ್ನಿನ ಓದನ್ನು ಅರ್ಧಕ್ಕೆ ಬಿಟ್ಟು, ತಮ್ಮನ್ನು ಓದಿಸಿದ ಸಯಾಜಿರಾವ್ ಗಾಯಕವಾಡರ ಸಂಸ್ಥಾನದಲ್ಲಿ ಕೆಲಸ ಮಾಡಲು ಬಂದವರಿಗೆ ತಲೆಯ ಮೇಲೆ ಸೂರು ಬೇಕಾಗಿತ್ತು. ಹಿಂದೂಗಳ ವಸತಿಗೃಹದಲ್ಲಿ ತಮ್ಮ ಜಾತಿ ತಿಳಿದರೆ ಸೇರಿಸುವುದಿಲ್ಲವೆಂದು ಪಾರ್ಸಿಗಳ ಛತ್ರಕ್ಕೆ ಹೋದರು. ಅಲ್ಲಿ ಪಾರ್ಸಿಗಳಿಗೆ ಮಾತ್ರ ಜಾಗ. ನೋಡಿಕೊಳ್ಳುವವನು ಪುಸ್ತಕದಲ್ಲಿ ಒಂದು ಪಾರ್ಸಿ ಹೆಸರು ಬರೆದುಕೊಂಡು ಮಹಡಿಯ ಕೋಣೆ ಬಿಟ್ಟುಕೊಟ್ಟ. ಪಕ್ಕದ ಹಜಾರದ ತುಂಬ ಮುರಿದ ಕುರ್ಚಿ ಬೆಂಚುಗಳು, ಕತ್ತಲು. ಕೆಲವು ದಿನ ಕಳೆದಮೇಲೆ ಒಂದು ಬೆಳಿಗ್ಗೆ ದೊಣ್ಣೆ ಹಿಡಿದ ಹತ್ತು ಹನ್ನೆರಡು ಜನ ಬಂದು, ಛತ್ರ ಮೈಲಿಗೆ ಮಾಡಿದೆ, ಸಂಜೆಯೊಳಗೆ ಜಾಗ ಬಿಡು ಎಂದು ಎಚ್ಚರಿಸಿ ಹೋದರು.

ಆ ದೊಣ್ಣೆಯವರ ಕಥೆ ಬಹಳ ಜನಕ್ಕೆ ಗೊತ್ತು. ನನ್ನ ಮನಸ್ಸು ನಿಲ್ಲುವುದು ಅದರ ನಂತರದ ಭಾಗದಲ್ಲಿ. ಅಂಬೇಡ್ಕರರಿಗೆ ಊರಿನಲ್ಲಿ ಇಬ್ಬರು ಸ್ನೇಹಿತರಿದ್ದರು, ಒಬ್ಬರು ಹಿಂದೂ, ಒಬ್ಬರು ಕ್ರೈಸ್ತರು. ಇಬ್ಬರೂ ಓದಿದವರು, ಇಬ್ಬರಿಗೂ ಈ ಮನುಷ್ಯನ ಮೇಲೆ ಗೌರವ. ಹಿಂದೂ ಸ್ನೇಹಿತರು ನೊಂದುಕೊಂಡರು, ಸಿಟ್ಟಾದರು, ಕೊನೆಗೆ ನೀವು ನನ್ನ ಮನೆಗೆ ಬಂದರೆ ಆಳುಗಳು ಬಿಟ್ಟುಹೋಗುತ್ತಾರೆ ಎಂದರು. ಕ್ರೈಸ್ತ ಸ್ನೇಹಿತರು ಹೆಂಡತಿ ನಾಳೆ ಬರುತ್ತಾಳೆ, ಅವಳನ್ನು ಕೇಳಬೇಕು ಎಂದರು. ಇಬ್ಬರಿಗೂ ಏನೂ ಇರಲಿಲ್ಲ. ಒಬ್ಬರ ಅಡ್ಡಿ ಮನೆಯ ಆಳುಗಳದು, ಇನ್ನೊಬ್ಬರದು ಆ ಹೊತ್ತಿಗೆ ಊರಿನಲ್ಲಿಲ್ಲದ ಹೆಂಡತಿಯದು. ಅಂಬೇಡ್ಕರ್ ರಾತ್ರಿ ಬೊಂಬಾಯಿ ರೈಲಿನ ಹೊತ್ತಾಗುವ ತನಕ ಕಮಾಠಿ ಬಾಗ್ ಎಂಬ ಸಾರ್ವಜನಿಕ ತೋಟದಲ್ಲಿ ಕೂತು ಕಾಲ ಕಳೆದರು. ಆಮೇಲೆ ಎಷ್ಟೋ ವರ್ಷಕ್ಕೆ ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಸಣ್ಣ ಆತ್ಮಕಥನದಲ್ಲಿ ಅವರೇ ಇದನ್ನು ಬರೆದಿದ್ದಾರೆ. ಆ ಆಳುಗಳನ್ನು ಯಾರಾದರೂ ಕರೆದು ಕೇಳಿದ್ದರೆ ಏನು ಹೇಳುತ್ತಿದ್ದರೋ ಗೊತ್ತಿಲ್ಲ. ಯಾರೂ ಕೇಳಲಿಲ್ಲ.

ಇಲ್ಲದವರ ಹೆಸರಿನಲ್ಲಿ ಬೇಡ ಎನ್ನುವುದು ಸುಲಭ. ಎದುರಿಗೆ ಇಲ್ಲದವರನ್ನು ಬೇಡ ಎನ್ನುವುದೂ ಅಷ್ಟೇ ಸುಲಭ. ಅಮೆರಿಕದಲ್ಲಿ ರಿಚರ್ಡ್ ಲಪಿಯರ್ ಎಂಬ ಸಮಾಜಶಾಸ್ತ್ರದ ಪ್ರೊಫೆಸರು 1930ರ ಸುಮಾರಿಗೆ ಒಂದು ಚೀನೀ ದಂಪತಿಯ ಜೊತೆ ಕಾರಿನಲ್ಲಿ ದೇಶ ಸುತ್ತಿದ. ಚೀನೀಯರ ಮೇಲೆ ಅಲ್ಲಿ ತೀರ ಅಸಹನೆಯಿದ್ದ ಕಾಲ. ಊಟಕ್ಕೆ, ರಾತ್ರಿ ತಂಗಲು 251 ಕಡೆ ಹೋದರು. ಎಷ್ಟೋ ಕಡೆ ಪ್ರೊಫೆಸರು ಸಾಮಾನು ಇಳಿಸುವ ನೆಪದಲ್ಲಿ ಹಿಂದೆ ಉಳಿದು ಅವರಿಬ್ಬರನ್ನೇ ಮುಂದೆ ಕಳಿಸಿದ. ಒಂದೇ ಒಂದು ಕಡೆ ಜಾಗವಿಲ್ಲ ಎಂದರು, ಉಳಿದೆಲ್ಲ ಕಡೆ ಬನ್ನಿ ಎಂದರು. ಆರು ತಿಂಗಳ ಮೇಲೆ ಅದೇ ಜಾಗಗಳಿಗೆ ಕಾಗದ ಬರೆದು, ಚೀನೀಯರು ಬಂದರೆ ಸೇರಿಸುತ್ತೀರಾ ಎಂದು ಕೇಳಿದ. ಉತ್ತರ ಬಂದದ್ದು 128. ಅದರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು, ಇಲ್ಲ, ಸೇರಿಸುವುದಿಲ್ಲ ಎಂದು. 1934ರಲ್ಲಿ ಇದು ಪ್ರಕಟವಾಯಿತು. ಪೆಟ್ಟಿಗೆ ಹಿಡಿದುಕೊಂಡು, ದಣಿದು, ನಗುತ್ತ ನಿಂತ ಇಬ್ಬರಿಗೆ ಬಾಗಿಲು ತೆರೆದವರೇ ಕಾಗದದಲ್ಲಿ ಕಂಡ ‘ಚೀನೀಯರು’ ಎಂಬ ಗುಂಪಿಗೆ ಬಾಗಿಲು ಹಾಕಿದ್ದರು.

ಇದನ್ನು ಕೇಳಿ, ಹಾಗಾದರೆ ಎದುರೆದುರು ನಿಂತರೆ ಎಲ್ಲ ಸರಿಹೋಗುತ್ತದೆ ಎಂದು ಸಮಾಧಾನ ಪಡುವ ಹಾಗಿಲ್ಲ. ಒಂದು ರಾತ್ರಿ ತಂಗಲು ಕೊಡುವುದೇ ಬೇರೆ, ಹನ್ನೊಂದು ತಿಂಗಳ ಕರಾರು ಬರೆದುಕೊಡುವುದೇ ಬೇರೆ. ಜೊತೆಯಲ್ಲಿ ಒಬ್ಬ ಬಿಳಿಯ ಪ್ರೊಫೆಸರು ಇದ್ದ ಎನ್ನುವುದೂ ಸಣ್ಣ ವಿಷಯವಲ್ಲ. ನಮ್ಮಲ್ಲೇ ಸುಖದೇವ್ ಥೋರಟ್ ಮತ್ತು ಸಂಗಡಿಗರು ದೆಹಲಿ ಮತ್ತು ಅದರ ಸುತ್ತಲಿನ ಊರುಗಳಲ್ಲಿ ಬಾಡಿಗೆ ಮನೆ ಹುಡುಕಿಸಿ ನೋಡಿದ್ದಾರೆ, 2015ರಲ್ಲಿ ಅದು ಪ್ರಕಟವಾಗಿದೆ. ಫೋನಿನಲ್ಲಿ ಕೇಳಿದಾಗಲೂ, ಖುದ್ದಾಗಿ ಹೋಗಿ ನಿಂತಾಗಲೂ ಮೇಲ್ಜಾತಿಯ ಹೆಸರಿನವರಿಗೆ ಸಲೀಸಾಗಿ ಮನೆ ಸಿಕ್ಕಿತು. ದಲಿತರಿಗೆ ಅಡ್ಡಿಯಾಯಿತು, ಮುಸ್ಲಿಮರಿಗೆ ಇನ್ನೂ ಹೆಚ್ಚು ಅಡ್ಡಿಯಾಯಿತು. ಮುಖ ನೋಡಿದ ಮಾತ್ರಕ್ಕೆ ಮನಸ್ಸು ಕರಗಲಿಲ್ಲ.

ನಮ್ಮ ದೊಡ್ಡಮ್ಮನ ಮಹಡಿ ಮನೆಯ ವಿಷಯ ಇಲ್ಲಿ ಹೇಳಬೇಕು. ಮೈಸೂರಿನ ಕುವೆಂಪುನಗರದಲ್ಲಿ ಅವರದು ಕೆಳಗೊಂದು ಮೇಲೊಂದು ಮನೆ. ದೊಡ್ಡಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿದ್ದವರು, ನಿವೃತ್ತಿಯ ಹಣದಲ್ಲಿ ಮಹಡಿ ಎಬ್ಬಿಸಿದರು. ಅವರು ಹೋದಮೇಲೆ ಆ ಬಾಡಿಗೆಯೇ ದೊಡ್ಡಮ್ಮನ ಕೈಖರ್ಚು. ಮನೆ ಖಾಲಿಯಾದಾಗಲೆಲ್ಲ ಬ್ರೋಕರಿನ ಜೊತೆ ಮಾತಾಡುವುದು ಪುಣೆಯಲ್ಲಿರುವ ಮಗ. ಒಂದು ಸಲ ಮೂರು ತಿಂಗಳು ಮನೆ ಖಾಲಿ ಬಿತ್ತು. ಯಾಕೆ ಯಾರೂ ಬರುತ್ತಿಲ್ಲ ಎಂದು ದೊಡ್ಡಮ್ಮ ಬ್ರೋಕರನ್ನು ಗೇಟಿನಲ್ಲೇ ಹಿಡಿದು ಕೇಳಿದರು, ನಾನೂ ಅಲ್ಲೇ ಇದ್ದೆ. ‘ಬರ್ತಾರಮ್ಮ, ನಾನೇ ವಾಪಸ್ ಕಳಿಸ್ತಿದೀನಿ. ಮೊನ್ನೆ ಒಬ್ರು ಕಾಲೇಜ್ ಲೆಕ್ಚರರ್ರು, ರಾಯಚೂರ ಕಡೆಯೋರು, ಸಾಬರು. ನಿಮ್ಮ ಮಗ ಹೇಳಿದಾರಲ್ಲ, ಅಮ್ಮ ಒಪ್ಪಲ್ಲ ಅಂತ.’

‘ನಾನು ಯಾವಾಗ ಒಪ್ಪಲ್ಲ ಅಂದೆ?’ ಅಂದರು ದೊಡ್ಡಮ್ಮ.

ಬ್ರೋಕರಿಗೆ ಉತ್ತರ ತೋಚಲಿಲ್ಲ. ಮಗನಿಗೆ ಫೋನ್ ಹೋಯಿತು. ಅವನು, ‘ನನಗೇನೂ ಇಲ್ಲಮ್ಮ, ನಿನಗೆ ಆಗಲ್ಲ ಅಂತ ಅಂದ್ಕೊಂಡೆ’ ಎಂದ. ನಿಜವಾಗಿಯೂ ಹಾಗೇ ಅಂದುಕೊಂಡಿದ್ದ, ಅದರಲ್ಲಿ ನನಗೆ ಅನುಮಾನವಿಲ್ಲ. ಅವನಿಗೆ ನೆನಪಿದ್ದದ್ದು ಅಜ್ಜಿಯ ಕಾಲದ ಮನೆ. ಹಿತ್ತಲಲ್ಲಿ ಒಣಹಾಕಿದ ಮಡಿ ಸೀರೆ, ಕೋಲಿನಿಂದ ಅದನ್ನು ಎತ್ತಿಕೊಳ್ಳುವುದು, ಕೆಲಸದವಳಿಗೆ ಮೇಲಿನಿಂದ ನೀರು ಸುರಿಯುವುದು. ಆ ಅತ್ತೆಯ ಕೈಕೆಳಗೆ ಇಪ್ಪತ್ತು ಮೂವತ್ತು ವರ್ಷ ಬಾಳುವೆ ಮಾಡಿದ ಸೊಸೆಯ ಮನಸ್ಸಿನಲ್ಲಿ ಏನಿತ್ತು ಎಂದು ಮನೆಯಲ್ಲಿ ಯಾರೂ ಯಾವತ್ತೂ ಕೇಳಿರಲಿಲ್ಲ. ಅಮ್ಮ ಒಪ್ಪುವುದಿಲ್ಲ ಎಂಬ ಮಾತು ಅಮ್ಮನಿಲ್ಲದೆಯೇ ಪುಣೆ ಮೈಸೂರುಗಳ ನಡುವೆ ಓಡಾಡಿಕೊಂಡಿತ್ತು.

ಇದು ನಮ್ಮ ಒಂದು ಮನೆಯ ವಿಚಿತ್ರವಲ್ಲ. ಸೌದಿ ಅರೇಬಿಯಾದ ರಿಯಾದಿನಲ್ಲಿ ಮೂವರು ಅರ್ಥಶಾಸ್ತ್ರಜ್ಞರು ಮಾಡಿದ ಒಂದು ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಮದುವೆಯಾದ ಯುವಕರನ್ನು ಕೂರಿಸಿ, ಹೆಂಗಸರು ಮನೆಯ ಹೊರಗೆ ದುಡಿಯಬಹುದೇ ಎಂದು ಗುಟ್ಟಾಗಿ ಕೇಳಿದರು. ಬಹುಪಾಲು ಜನ ದುಡಿಯಬಹುದು ಎಂದರು. ನಿಮ್ಮ ಜೊತೆ ಇಲ್ಲಿ ಕೂತಿರುವ ನಿಮ್ಮ ಬಡಾವಣೆಯವರು ಏನೆನ್ನಬಹುದು ಎಂದು ಕೇಳಿದರೆ, ಅವರು ಅಷ್ಟಾಗಿ ಒಪ್ಪಲಿಕ್ಕಿಲ್ಲ ಎಂದು ಅಂದಾಜು ಮಾಡಿದರು. ಪ್ರತಿಯೊಬ್ಬನೂ ಪಕ್ಕದವನನ್ನು ತನಗಿಂತ ಬಿಗಿಯಾದವನು ಎಂದುಕೊಂಡಿದ್ದ. ನಿಜ ಸಂಗತಿ ತಿಳಿಸಿದ ಮೇಲೆ, ಕೆಲಸ ಹುಡುಕಿಕೊಡುವ ಕಡೆ ಹೆಂಡತಿಯ ಹೆಸರು ಬರೆಸಿದವರು ಹೆಚ್ಚಾದರು. ಉಪದೇಶ ಮಾಡಿ ಯಾರ ಮನಸ್ಸನ್ನೂ ಬದಲಾಯಿಸಬೇಕಾಗಿರಲಿಲ್ಲ, ಪಕ್ಕದವನ ಮನಸ್ಸಿನಲ್ಲಿ ಏನಿದೆ ಎಂದು ತಿಳಿಸಿದ್ದೇ ಸಾಕಾಯಿತು. ನಮ್ಮ ಬೀದಿಗಳಲ್ಲಿ ಎಷ್ಟು ‘ಅಕ್ಕಪಕ್ಕದವರು ಒಪ್ಪಲ್ಲ’ ಈ ಬಗೆಯದಿರಬಹುದು ಎಂದು ಯೋಚಿಸಿದರೆ ಸಂಕಟವಾಗುತ್ತದೆ. ಒಬ್ಬರ ಗೋಡೆಗೆ ಇನ್ನೊಬ್ಬರು ಆತುಕೊಂಡು ನಿಂತಿರುವ ಈ ಅಂಜಿಕೆಗೆ ಕೇಳುವುದೇ ಮೊದಲ ಮದ್ದು. ಅಮ್ಮನನ್ನು ಕೇಳಬೇಕು. ಕೆಳಗಿನ ಮನೆಯವರನ್ನು ಕೇಳಬೇಕು. ಅವರು ನಿಜವಾಗಿ ಬೇಡ ಎಂದರೆ, ಆಗ ಕೊನೆಪಕ್ಷ ಬೇಡ ಎಂದವರು ಯಾರು ಎಂದಾದರೂ ಗೊತ್ತಾಗುತ್ತದೆ. ಅವರ ಜೊತೆ ಕೂತು ಮಾತಾಡಬಹುದು, ವಾದ ಮಾಡಬಹುದು.

ದೊಡ್ಡಮ್ಮನ ಮಹಡಿ ಮನೆಗೆ ಆ ಲೆಕ್ಚರರ್ ಬಂದರು. ಗಂಡ, ಒಂದು ಮಗು. ಮೊದಲ ವಾರ ಬೆಳಿಗ್ಗೆ ಐದೂವರೆಗೆ ಮೇಲಿನಿಂದ ಟಪ್ ಟಪ್ ಎಂದು ಸದ್ದು ಕೇಳಿ ಯಾರೋ ಬಾಗಿಲು ಬಡಿಯುತ್ತಿದ್ದಾರೆ ಎಂದು ದೊಡ್ಡಮ್ಮ ಎದ್ದು ಹೋಗಿ ಚಿಲಕ ತೆಗೆದು ನೋಡಿದ್ದಾರೆ. ಅದು ಜೋಳದ ರೊಟ್ಟಿ ಬಡಿಯುವ ಸದ್ದು. ಮೈಸೂರಿನ ಚಪಾತಿ ಲಟ್ಟಣಿಗೆಯ ಸದ್ದು ಕೇಳಿ ಬೆಳೆದವರಿಗೆ ಅದರ ಪರಿಚಯವಿರಲಿಲ್ಲ. ಅಂಗೈಯಲ್ಲಿ ತಟ್ಟುತ್ತ ತಿರುಗಿಸುವಾಗ ಒಂದು ಲಯ, ಹೆಂಚಿಗೆ ಹಾಕಿದ ಮೇಲೆ ಸ್ವಲ್ಪ ಹೊತ್ತು ಮೌನ, ಮತ್ತೆ ಶುರು. ಎಷ್ಟು ರೊಟ್ಟಿ ಆಯಿತು ಎಂದು ಕೆಳಗಿನಿಂದ ಎಣಿಸಬಹುದು. ಕೆಲವು ದಿನಕ್ಕೆ ಆ ಸದ್ದಿಗೆ ಕಾಫಿ ಡಿಕಾಕ್ಷನ್ ಹಾಕಲು ಏಳುವುದು ದೊಡ್ಡಮ್ಮನಿಗೆ ರೂಢಿಯಾಯಿತು.

ಎಲ್ಲ ಅಳಿಸಿಹೋಯಿತು ಎಂದು ನಾನು ಹೇಳುತ್ತಿಲ್ಲ. ಮೇಲಿನ ಮನೆಯ ಹಣ್ಣು, ಕಾಫಿ ದೊಡ್ಡಮ್ಮನಿಗೆ ಆಗುತ್ತದೆ. ಅಲ್ಲಿ ಬೇಯಿಸಿದ್ದನ್ನು ಇವತ್ತಿಗೂ ಊಟ ಮಾಡುವುದಿಲ್ಲ, ಅದು ಬರೀ ಅನ್ನ ಸಾರೇ ಆಗಿದ್ದರೂ. ಅದನ್ನು ಲೆಕ್ಚರರ್ ಗಮನಿಸಿದ್ದಾರೆ, ನಾನೂ ಗಮನಿಸಿದ್ದೇನೆ. ಇದನ್ನು ವಯಸ್ಸಿನ ಮೇಲೆ ಹಾಕಿ ಬಿಟ್ಟುಬಿಡುವುದು ನನಗೆ ಸರಿ ಕಾಣುವುದಿಲ್ಲ. ಮೇಲಿನವರು ಕೆಳಗಿನ ಮನೆಯ ಪುಳಿಯೋಗರೆ ಉಂಡು ಡಬ್ಬಿ ತೊಳೆದು ಕೊಡುತ್ತಾರೆ, ಡಬ್ಬಿಯಲ್ಲಿ ಬಾಳೆಹಣ್ಣೋ ಸೀಬೆಹಣ್ಣೋ ಇಟ್ಟು ಕೊಡುತ್ತಾರೆ. ಒಂದೇ ಕಡೆಗೆ ಹರಿಯುವ ಕೊಡುಕೊಳ್ಳುವಿಕೆಯಲ್ಲಿ ಯಾರು ಮೇಲೆ, ಯಾರು ಕೆಳಗೆ ಎಂಬುದು ಇದ್ದೇ ಇರುತ್ತದೆ.

ಆದರೆ ಒಂದು ಸಂಗತಿ ನನ್ನನ್ನು ಆ ಮನೆಯ ಬಗ್ಗೆ ಹೆಮ್ಮೆ ಪಡುವ ಹಾಗೆ ಮಾಡಿದೆ. ಅದು ಅವರ ಜಗಳ. ಬೇಸಿಗೆಯಲ್ಲಿ ಮೋಟಾರ್ ಹಾಕಿ ಆರಿಸುವುದು ಮರೆತು ಸಂಪಿನ ನೀರೆಲ್ಲ ಟ್ಯಾಂಕಿನಿಂದ ಬೀದಿಗೆ ಹರಿಯಿತು. ದೊಡ್ಡಮ್ಮ ಮೆಟ್ಟಿಲ ಬುಡದಲ್ಲಿ ನಿಂತು ಕೂಗಾಡಿದರು. ಲೆಕ್ಚರರ್ ಸುಮ್ಮನಿರಲಿಲ್ಲ, ಮೊನ್ನೆ ನೀವು ಗಿಡಕ್ಕೆ ಪೈಪ್ ಬಿಟ್ಟು ಮಲಗಿದ್ದಿರಲ್ಲ ಎಂದು ಕೇಳಿದರು. ಎರಡು ದಿನ ಮಾತಿಲ್ಲ. ಆ ಎರಡು ದಿನವೂ ನಾನು ಒಂದು ಮಾತಿಗಾಗಿ ಕಿವಿಗೊಟ್ಟು ಕಾದೆ, ಅದು ಬರಲಿಲ್ಲ. ‘ಆ ಜನವೇ ಹಾಗೆ’ ಎಂದು ದೊಡ್ಡಮ್ಮ ಒಮ್ಮೆಯೂ ಅನ್ನಲಿಲ್ಲ. ‘ಅವಳಿಗೆ ಜ್ಞಾಪಕ ಕಮ್ಮಿ, ಪೇಪರ್ ತಿದ್ದುತ್ತ ಕೂತರೆ ಲೋಕವೇ ಬೇಡ’ ಎಂದರು. ನೀರಿನ ಜಗಳ ನೀರಿನ ಜಗಳವಾಗಿಯೇ ಮುಗಿಯಿತು.

ಇದು ಸಣ್ಣದಲ್ಲ. ನಮ್ಮವರು ತಪ್ಪು ಮಾಡಿದರೆ ಆ ಹೊತ್ತಿನ ಗಡಿಬಿಡಿ, ಮರೆವು, ಕಷ್ಟ. ಬೇರೆಯವರು ಅದೇ ತಪ್ಪು ಮಾಡಿದರೆ ಅದು ಅವರ ರಕ್ತ, ಅವರ ಕುಲ. ಒಳ್ಳೆಯದು ಮಾಡಿದರೆ ಲೆಕ್ಕ ತಿರುಗಿಬೀಳುತ್ತದೆ: ನಮ್ಮವರದು ಸಂಸ್ಕಾರ, ಅವರದು ‘ಅವರಲ್ಲೂ ಒಳ್ಳೆಯವರು ಇರುತ್ತಾರೆ’ ಎಂಬ ವಿನಾಯಿತಿ. ಥಾಮಸ್ ಪೆಟ್ಟಿಗ್ರೂ ಎಂಬ ಮನಃಶಾಸ್ತ್ರಜ್ಞ 1979ರಲ್ಲಿ ಇದನ್ನು ಬಿಡಿಸಿ ಬರೆದ. ಆ ವಿನಾಯಿತಿಯ ಮಾತನ್ನು ಹೊಗಳಿಕೆ ಎಂದುಕೊಂಡು ಎಷ್ಟು ಜನ ಹೇಳುತ್ತಾರೆ! ‘ನಿಮ್ಮನ್ನು ನೋಡಿದರೆ ಆ ಜನ ಅನ್ನಿಸುವುದೇ ಇಲ್ಲ.’ ಕೇಳಿದವರು ನಕ್ಕು ಸುಮ್ಮನಾಗಬೇಕು.

ಬಾಗಿಲಿನ ಆಚೆ ನಿಂತವರ ಮೇಲೆ ಇದೆಲ್ಲ ಏನು ಮಾಡುತ್ತದೆ ಎಂಬುದನ್ನು ನಾವು ಬಾಗಿಲಿನ ಈಚೆ ಇರುವವರು ಕಡಿಮೆ ಯೋಚಿಸುತ್ತೇವೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಕೋಲಾರ ಕಡೆಯ ಹುಡುಗಿಯೊಬ್ಬಳು ‘ಸಸ್ಯಾಹಾರಿಗಳಿಗೆ ಮಾತ್ರ’ ಎಂದ ಮನೆಯಲ್ಲಿದ್ದಳು. ಕರ್ನಾಟಕದಲ್ಲಿ ಬಹುಪಾಲು ಜನ ಮಾಂಸ ತಿನ್ನುವವರೇ, ಆದರೂ ಆ ಬೋರ್ಡು ಬೀದಿಬೀದಿಯಲ್ಲಿ ತೂಗುತ್ತದೆ. ಊಟದ ಪ್ರಶ್ನೆ ಅಲ್ಲಿ ಊಟದ ಬಗ್ಗೆ ಅಲ್ಲ ಎಂಬುದು ಕೇಳುವವರಿಗೂ ಹೇಳುವವರಿಗೂ ಗೊತ್ತು. ಅವಳು ರಾತ್ರಿ ಕಿಟಕಿ ಮುಚ್ಚಿ ಮಗುವಿಗೆ ಮೊಟ್ಟೆ ಬೇಯಿಸುತ್ತಿದ್ದಳು. ಸಿಪ್ಪೆಯನ್ನು ಹಳೇ ಪೇಪರಿನಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಗಂಟು ಕಟ್ಟಿ, ಊಟದ ಡಬ್ಬಿಯ ಚೀಲದಲ್ಲಿಟ್ಟುಕೊಂಡು ಬಂದು ಬಸ್ ಸ್ಟ್ಯಾಂಡಿನ ಕಸದ ತೊಟ್ಟಿಗೆ ಹಾಕುತ್ತಿದ್ದಳು. ಮನೆಯ ಕಸ ಬೇರ್ಪಡಿಸುವಾಗ ಓನರಮ್ಮ ನೋಡುತ್ತಾರೆಂದು ಭಯ. ಒಂದು ದಿನ ಚೀಲದಿಂದ ಆ ಗಂಟು ತೆಗೆಯುವಾಗ ನನ್ನ ಕಣ್ಣಿಗೆ ಬಿತ್ತು. ಸಂಬಳ ತರುವ, ಹೊತ್ತಿಗೆ ಸರಿಯಾಗಿ ಬಾಡಿಗೆ ಕಟ್ಟುವ ಹೆಂಗಸು ತನ್ನ ಮಗುವಿನ ಮೊಟ್ಟೆ ಸಿಪ್ಪೆಯನ್ನು ಕದ್ದ ಮಾಲಿನ ಹಾಗೆ ಊರೆಲ್ಲ ಹೊತ್ತು ತಿರುಗಬೇಕಾಗಿತ್ತು.

ಹೀಗೆ ಬದುಕಿದವರಿಗೆ ತಮ್ಮ ಮೇಲೇ ನಂಬಿಕೆ ಕುಗ್ಗುವುದರಲ್ಲಿ ಆಶ್ಚರ್ಯವೇನು? ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಹಳ್ಳಿಯ ಹುಡುಗರಿಗೆ ಕಾಗದದ ಮೇಲಿನ ಚಕ್ರವ್ಯೂಹದಂಥ ಒಗಟುಗಳನ್ನು ಬಿಡಿಸಲು ಕೊಟ್ಟರು. ಯಾರ ಜಾತಿಯನ್ನೂ ಹೇಳದಿದ್ದಾಗ ಮೇಲ್ಜಾತಿ ಕೆಳಜಾತಿ ಎಂಬ ಭೇದವಿಲ್ಲದೆ ಹುಡುಗರು ಸರಿಸಮ ಬಿಡಿಸಿದರು. ಎಲ್ಲರೆದುರು ಹೆಸರು, ಜಾತಿ ಕೂಗಿ ಹೇಳಿ ಕೂರಿಸಿದಾಗ ಕೆಳಜಾತಿಯ ಹುಡುಗರು ಹಿಂದೆ ಬಿದ್ದರು. 2006ರಲ್ಲಿ ಪ್ರಕಟವಾದ ಈ ಸಂಗತಿಯನ್ನು ನಾನು ಓದಿದ ದಿನ ನಿದ್ದೆ ಬರಲಿಲ್ಲ. ಅದೇ ಹುಡುಗ, ಅದೇ ಒಗಟು. ನಡುವೆ ಬಂದದ್ದು ಒಂದು ಮಾತು, ಅದೂ ಬೈಗುಳವಲ್ಲ, ಬರೀ ಪರಿಚಯ. ನಾವು ಗೇಟಿನ ಹತ್ತಿರ ಅಷ್ಟು ನಯವಾಗಿ ಕೇಳುವ ಮನೆದೇವರ ಪ್ರಶ್ನೆಯೂ ಬರೀ ಪರಿಚಯವೇ.

ನಮ್ಮ ನಾಡಿನಲ್ಲಿ ಪಟ್ಟಣಕ್ಕೆ ಓದಲು ಬಂದ ಹುಡುಗರು ಮನೆ ಸಿಗದ ಈ ಕಷ್ಟವನ್ನು ಮೊದಲು ಉಂಡವರು. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟ ಎಂದು ಗೊತ್ತುಮಾಡಿಕೊಳ್ಳುವ ವಾರಾನ್ನ ಬಡ ಬ್ರಾಹ್ಮಣ ಹುಡುಗರಿಗೆ ಇತ್ತು. ಹೊಲಗದ್ದೆಯಿಂದ, ಕೇರಿಯಿಂದ ಬಂದವರಿಗೆ ಆ ದಾರಿಯೂ ಇರಲಿಲ್ಲ. ಮೈಸೂರು ಬೆಂಗಳೂರುಗಳ ಹಳೆಯ ವಿದ್ಯಾರ್ಥಿನಿಲಯಗಳ ಹೆಸರು ಓದುತ್ತ ಹೋದರೆ ಯಾವ ಯಾವ ಜನಕ್ಕೆ ಊರಿನಲ್ಲಿ ಕೋಣೆ ಸಿಗಲಿಲ್ಲ ಎಂಬ ಚರಿತ್ರೆಯೇ ಸಿಗುತ್ತದೆ. ಪ್ರತಿ ಸಮುದಾಯವೂ ತನ್ನ ಮಕ್ಕಳಿಗೆ ತಾನೇ ಸೂರು ಕಟ್ಟಿಕೊಳ್ಳಬೇಕಾಯಿತು. ದಲಿತ ಕವಿ ಸಿದ್ಧಲಿಂಗಯ್ಯನವರು ಬೆಂಗಳೂರಿನಲ್ಲಿ ಓದಿದ್ದು ಗೋಪಾಲಸ್ವಾಮಿ ಅಯ್ಯರ್ ಹೆಸರಿನ ಹಾಸ್ಟೆಲಿನಲ್ಲಿದ್ದುಕೊಂಡು. ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳ ಕಾಲದಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದ ಸಾವಿರಾರು ಮಕ್ಕಳು ಒಂದೇ ಕಡೆ ಮಲಗಿ, ಒಂದೇ ಸಾಲಿನಲ್ಲಿ ಕೂತು ಉಂಡರು, ಈಗಲೂ ಉಣ್ಣುತ್ತಿದ್ದಾರೆ. ಅಲ್ಲಿ ಬೆಳೆದವರ ಜೊತೆ ಮಾತಾಡಿದಾಗ ನಾನು ಕಂಡದ್ದು, ಅವರಿಗೆ ನೆನಪಿರುವುದು ಸಮಾನತೆಯ ಭಾಷಣಗಳಲ್ಲ. ಕಟ್ಟಿಗೆ ಹೊತ್ತದ್ದು, ಬಡಿಸಲು ಸಾಲು ನಿಂತದ್ದು, ಪಕ್ಕದ ಹಾಸಿಗೆಯವನು ರಾತ್ರಿ ಊರು ನೆನೆದು ಅತ್ತದ್ದು.

ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ಬರೆದ ಪೂರ್ವಗ್ರಹ ಕುರಿತ ಪುಸ್ತಕದಲ್ಲಿ ಇದೇ ಮಾತು ಬೇರೆ ಬಗೆಯಲ್ಲಿದೆ. ಒಬ್ಬರನ್ನೊಬ್ಬರು ದಿನಾ ಕಂಡರೆ ಸಾಲದು. ಸರಿಸಮ ನಿಂತು, ಒಂದೇ ಕೆಲಸಕ್ಕೆ ಒಟ್ಟಿಗೆ ಕೈಹಾಕಬೇಕು, ಹಿಂದೆ ನ್ಯಾಯದ ಕಟ್ಟುಪಾಡು ಇರಬೇಕು. ಮನೆ ಗುಡಿಸುವವಳನ್ನು ನಾವು ದಿನಾ ನೋಡುತ್ತೇವೆ, ಅವಳ ಲೋಟ ಮಾತ್ರ ಬೇರೆಯೇ ಉಳಿದಿದೆ. 2017ರಲ್ಲಿ ಮ್ಯಾಟ್ ಲೋ ಎಂಬ ಅರ್ಥಶಾಸ್ತ್ರಜ್ಞ ಉತ್ತರ ಪ್ರದೇಶದ ಹಳ್ಳಿಗಳಲ್ಲಿ 1,261 ಜನರನ್ನು ಸೇರಿಸಿ, ಕೆಲವರನ್ನು ಹೋಲಿಕೆಗೆಂದು ಹೊರಗಿಟ್ಟು, ಉಳಿದವರಿಗೆ ಒಂದು ತಿಂಗಳು ಕ್ರಿಕೆಟ್ ಆಡಿಸಿದ. ಬೇರೆ ಜಾತಿಯವರ ಜೊತೆ ಒಂದೇ ತಂಡದಲ್ಲಿ ಆಡಿದವರಿಗೆ ಜಾತಿಯ ಆಚೆಗೆ ಗೆಳೆಯರು ಸಿಕ್ಕರು. ಬೇರೆ ಜಾತಿಯವರನ್ನು ಎದುರಾಳಿಯಾಗಿಯೇ ಕಂಡವರಿಗೆ ಇದ್ದ ಸಲಿಗೆಯೂ ಕಮ್ಮಿಯಾಯಿತು. ಒಂದೇ ಮೈದಾನ, ಒಂದೇ ಚೆಂಡು, ಯಾರ ಪಕ್ಕದಲ್ಲಿ ನಿಂತು ಆಡಿದೆ ಎಂಬುದೇ ಫಲವನ್ನು ಬದಲಾಯಿಸಿತು. ಮಗ್ಗುಲಿಗೆ ಬಂದು ನಿಲ್ಲುವುದಕ್ಕಾದರೂ ಮೊದಲು ಆ ಬೀದಿಯಲ್ಲಿ ಮನೆ ಸಿಗಬೇಕು. ಬಾಡಿಗೆ ಮನೆಯ ವಿಷಯ ನನಗೆ ಅಷ್ಟು ದೊಡ್ಡದಾಗಿ ಕಾಣುವುದು ಇದಕ್ಕೇ.

ಕಟ್ಟುಪಾಡಿನ ಮಾತು ಬಂತು. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕಿದೆ. 15ನೆಯ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳಲ್ಲಿ ಜಾತಿ ಧರ್ಮ ನೋಡಿ ಯಾರನ್ನೂ ತಡೆಯುವಂತಿಲ್ಲ ಎಂದು ಒಂದೊಂದಾಗಿ ಹೆಸರಿಸಿ ಹೇಳಿದೆ. ಆ ಪಟ್ಟಿಯಲ್ಲಿ ಬಾಡಿಗೆ ಮನೆಯಿಲ್ಲ. 2005ರಲ್ಲಿ ಗುಜರಾತಿನ ಪಾರ್ಸಿ ಹೌಸಿಂಗ್ ಸೊಸೈಟಿಯೊಂದರ ಮೊಕದ್ದಮೆಯಲ್ಲಿ, ಸೊಸೈಟಿ ತನ್ನ ಸದಸ್ಯತ್ವವನ್ನು ತನ್ನವರಿಗಷ್ಟೇ ಇಟ್ಟುಕೊಳ್ಳಬಹುದು ಎಂದು ಸುಪ್ರೀಂ ಕೋರ್ಟು ಹೇಳಿತು. ಅಮೆರಿಕದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಒಂದು ವಾರಕ್ಕೆ, 1968ರ ಏಪ್ರಿಲಿನಲ್ಲಿ ಬಂದ ವಸತಿ ಕಾನೂನಿನ ಪ್ರಕಾರ ಬಣ್ಣ, ಧರ್ಮ ನೋಡಿ ಮನೆ ನಿರಾಕರಿಸುವಂತಿಲ್ಲ. ಇಂಥವರಿಗೆ ಮಾತ್ರ ಎಂದು ಜಾಹೀರಾತು ಹಾಕುವುದೂ ತಪ್ಪು. ಇಂಥ ಕಾನೂನು ನಮಗೂ ಬೇಕು ಎಂದು ನಾನು ಸ್ಪಷ್ಟವಾಗಿ ನಂಬುತ್ತೇನೆ. ಕಾನೂನು ಮನಸ್ಸನ್ನು ತಿದ್ದುವುದಿಲ್ಲ ಎನ್ನುವವರು ಮನೆ ಹುಡುಕಿಕೊಂಡು ಅಲೆದವರಲ್ಲ. ಅಲೆಯುವವರಿಗೆ ಈ ತಿಂಗಳು ಬೇಕಾದದ್ದು ಮನೆ, ಓನರಿನ ಮನಸ್ಸು ನಿಧಾನಕ್ಕೆ ಬರಲಿ.

ಕಾನೂನು ಬರುವ ತನಕ ಕೈಯಲ್ಲಿರುವುದನ್ನು ಮಾಡಬೇಕು. ನಮ್ಮ ಮನೆಯ ಹಿಂದಿನ ಪೋರ್ಷನ್ ಈ ತಿಂಗಳ ಕೊನೆಗೆ ಖಾಲಿಯಾಗುತ್ತದೆ. ಯಾರಾದರೂ ಬಂದು ನಿಲ್ಲುವ ಮುಂಚೆ, ಏನೇನು ಕೇಳಬೇಕು ಎಂದು ಮನೆಯವರೆಲ್ಲ ಕೂತು ಬರೆದೆವು. ಬಂದವರನ್ನು ನೋಡಿಕೊಂಡು ಪ್ರಶ್ನೆ ಹುಟ್ಟಿಸಿದರೆ ಪ್ರಶ್ನೆ ತನಗೆ ಬೇಕಾದ ಕಡೆಗೆ ಓಡುತ್ತದೆ. ಮೊದಲೇ ಬರೆದಿಟ್ಟು ಎಲ್ಲರಿಗೂ ಅದನ್ನೇ ಕೇಳಿದರೆ ಆ ಓಟಕ್ಕೆ ಸ್ವಲ್ಪ ತಡೆ. ಎಷ್ಟು ಜನ ಇರುತ್ತೀರಿ, ಎಲ್ಲಿ ಕೆಲಸ, ಎಷ್ಟು ವರ್ಷ ಇರುವ ಅಂದಾಜು, ಗಾಡಿ ಎಷ್ಟು, ಬಾಡಿಗೆ ಅಡ್ವಾನ್ಸು ಒಪ್ಪಿಗೆಯೇ. ನಮ್ಮ ಅತ್ತೆಯವರು ನಾಯಿ ಇದೆಯಾ ಎಂಬುದನ್ನು ಸೇರಿಸಿದರು. ಅವರಿಗೆ ನಾಯಿ ಕಂಡರೆ ಭಯ, ಅದನ್ನು ಅವರು ತಮ್ಮ ಹೆಸರಿನಲ್ಲೇ ಹೇಳಿದರು.

ಚೀಟಿಯನ್ನು ಬ್ರೋಕರಿಗೆ ಕೊಟ್ಟೆ. ಅವರು ಕನ್ನಡಕ ಏರಿಸಿಕೊಂಡು ಎರಡೂ ಕಡೆ ತಿರುಗಿಸಿ ನೋಡಿದರು. ‘ಮೇಡಂ, ಯಾವ ಜನ ಅಂತ ಬರ್ದೇ ಇಲ್ವಲ್ಲ?’

‘ಅದು ಬೇಡ ಗೌಡ್ರೆ.’

‘ನಾನ್‌ವೆಜ್?’

‘ಅದೂ ಬೇಡ.’

‘ಆಮೇಲೆ ಬಂದೋರ ಮುಂದೆ ಬೇರೆ ಏನಾದ್ರೂ ಅಂದ್ರೆ ನನ್ ಮರ್ಯಾದೆ ಹೋಗುತ್ತೆ. ಮನೇಲಿ ಎಲ್ಲರನ್ನೂ ಕೇಳಿದೀರಾ?’

‘ಎಲ್ಲರನ್ನೂ ಕೇಳಿದೀವಿ. ಅತ್ತೆಯವರನ್ನೂ.’

ಅವರು ಚೀಟಿ ಮಡಚಿ ಜೇಬಿಗೆ ಹಾಕಿಕೊಂಡು, ಹಾಗಾದರೆ ಭಾನುವಾರ ನಾಲ್ಕು ಪಾರ್ಟಿ ಕರ್ಕೊಂಡು ಬರ್ತೀನಿ, ಹತ್ತು ಗಂಟೆಯ ಮೇಲೆ ಮನೆಯಲ್ಲಿರಿ ಎಂದರು. ಅದರಲ್ಲಿ ಒಬ್ಬರು ಎರಡು ತಿಂಗಳಿಂದ ಹುಡುಕುತ್ತಿದ್ದಾರಂತೆ.